ಬ್ಯಾಟಿ ಬಂದಾದ ತಿಂಗಳು

ಸಂಸ್ಥಾನಗಳು ಮುಂಬಯಿ ಸರಕಾರಕ್ಕೆ ಸೇರಿ ಐದಾರು ವರ್ಷಗಳಾಗಿದ್ದವು. ಮುಧೋಳದಿಂದ ಬೀಳಗಿಯ ಕಡೆಗೆ ಹೋಗುವ ದಾರಿಯ ಮಗ್ಗುಲಿನ ಒಂದು ಹಳ್ಳಿಯಲ್ಲಿ ಮುಂಜಾನೆ ಹಣಮಪ್ಪ ಡಂಗುರ ಬಾರಿಸುತ್ತ ಬಂದ. ಎಂದಿನಂತೆ ಎರಡು ಮಾತು ಸಾರಿ ಮುಂದಿನ ಓಣಿಗೆ ಹೋಗುವಂತಿರಲಿಲ್ಲ. ಅವತ್ತಿನ ಹುಕುಮು ಉದ್ದವಾಗಿತ್ತು, ಅರ್ಧ ಮರೆತು ಮತ್ತೆ ಮೊದಲಿನಿಂದ ಹೇಳುತ್ತಿದ್ದ.

"ಕೇಳ್ರಪೋ ಕೇಳ್ರಿ. ಇನ್ನ ಮ್ಯಾಲ ಪರವಾನಗಿ ಇಲ್ಲದ ಯಾರೂ ಬ್ಯಾಟಿ ಆಡಬಾರದು. ಪರವಾನಗಿ ಇದ್ದವರೂ ದಿನಕ್ಕ ಎರಡ ಮೊಲದ ಮ್ಯಾಲ ಹಿಡೀಬಾರದು. ಯುಗಾದಿಯಿಂದ ದಸರಾ ತನಕಾ ಬ್ಯಾಟಿ ಪೂರಾ ಬಂದ್. ಹೆಣ್ಣ ಚಿಗರಿ ಯಾವ ತಿಂಗಳದಾಗೂ ಮುಟ್ಟಬಾರದು. ಮುಟ್ಟಿದವರ ಬಂದೂಕ, ಬಲಿ, ನಾಯಿ ಜಪ್ತ ಆಗತಾವು."

ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಕುರುಬರ ಸಿದರಾಯ ಕಡೆಯ ಮಾತು ಕೇಳಿ ತಲೆ ಎತ್ತಿದ. ಅವನ ಕಾಲ ಬಳಿ ಬೇಟೆ ನಾಯಿ ಹರಣಿ ಮಲಗಿತ್ತು. ಉದ್ದ ಮೂತಿ, ಒಳಗೆ ಹೋದ ಹೊಟ್ಟೆ, ನೆಲ ಮುಟ್ಟಿದರೂ ಮುಟ್ಟದಂತೆ ಓಡುವ ಕಾಲು. ಸಿದರಾಯನ ಅಪ್ಪ ಮುಧೋಳದ ಅರಮನೆಯಲ್ಲಿ ಬೇಟೆ ನಾಯಿ ಸಾಕುವ ಕೆಲಸದಲ್ಲಿದ್ದವನು. ಆ ನಾಯಿಗಳ ತಳಿಯಲ್ಲಿ ಈಗ ಅವರ ಮನೆಯಲ್ಲಿ ಉಳಿದದ್ದು ಇದೊಂದೇ.

"ಹಣಮಪ್ಪಣ್ಣ, ದಿನಕ್ಕ ಎರಡ ಅಂತ ನಾಯಿಗೆ ಹೆಂಗ ತಿಳಿಸೂದು?" ಎಂದು ಸಿದರಾಯ ಕೇಳಿದ.

ಕಟ್ಟೆಯ ಮೇಲಿದ್ದವರು ನಕ್ಕರು. ಸಿದರಾಯ ನಗಲಿಲ್ಲ, ಅವನು ಖರೆಯಾಗಿಯೇ ಕೇಳಿದ್ದ.

ಕಾಯಿದೆಯ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಅವನು ಸಣ್ಣವನಿದ್ದಾಗ ಮಡ್ಡಿಯಲ್ಲಿ ಕುರಿ ಬಿಟ್ಟುಕೊಂಡು ಕೂತರೆ ಚಿಗರಿಯ ಹಿಂಡುಗಳು ಕುರಿಗಳ ನಡುವೆಯೇ ಮೇಯುತ್ತಿದ್ದವು. ಸಂಸ್ಥಾನ ಹೋದ ಮೇಲೆ ಯಾರು ಯಾರೋ ಜೀಪು ತಂದರು, ದೀಪ ಬಿಟ್ಟು ಹೊಡೆದರು, ಹಿಂದಿನ ಸೀಟಿನಲ್ಲಿ ಹೇರಿಕೊಂಡು ಹೋದರು. ಈಗ ಒಂದು ಚಿಗರಿ ಕಂಡರೆ ಮನೆಗೆ ಬಂದು ಹೇಳುವ ಸುದ್ದಿಯಾಗಿತ್ತು. "ಇದ ಮೊದಲ ಬರಬೇಕಾಗಿತ್ತು," ಎಂದು ಅವನು ಹೆಂಡತಿ ಸುಂದರವ್ವನಿಗೆ ಹೇಳಿದ. "ನಾವೂ ಒಂದ ಪರವಾನಗಿ ತಗೊಂಡ್ರ ಆತು. ಚಳಿಗಾಲದಾಗ ಒಂದೀಟ ಮೊಲಾ ಹಿಡದೇವು, ಬ್ಯಾಸಗಿ ಮಳಿಗಾಲ ಕಟ್ಟಿ ಹಾಕೇವು."

ಸಂತೆಯ ಮರುದಿನ ಅವನು ಜಮಖಂಡಿಯ ಕಚೇರಿಗೆ ಹೋದ. ಹರಣಿಯನ್ನೂ ಕರೆದುಕೊಂಡು ಹೋಗಿದ್ದ, ತೋರಿಸಬೇಕಾದೀತು ಎಂದು. ಕಾರಕೂನ ಶ್ರೀಧರಪಂತರು ಅವನ ಅಪ್ಪನನ್ನು ಬಲ್ಲವರು, ಸಂಸ್ಥಾನದ ದಫ್ತರದಲ್ಲಿದ್ದು ಈಗ ಮುಂಬಯಿ ಸರಕಾರದ ಕಾರಕೂನರಾದವರು. ಕನ್ನಡಕ ಮೇಲೆ ಮಾಡಿ ನಾಯಿಯನ್ನೂ ಅವನನ್ನೂ ನೋಡಿದರು.

"ಬಂದೂಕದ ನಂಬರ ಏನು?"

"ಬಂದೂಕ ಇಲ್ರಿ. ಇದ ಐತಿ."

ಪಂತರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬಂದೂಕದವ್ರಿಗೆ ಈ ಹಾಳ್ಯಾಗ ತುಂಬ್ಲಿಕ್ಕೆ ಒಂದು ಮನಿ ಅದ, ಬಲಿ ಹಾಕೋರಿಗೆ ಒಂದು ಮನಿ ಅದ. ನಾಯಿಗೆ ಏನೂ ಇಲ್ಲಲ್ಲೋ ಸಿದರಾಯಾ. ಜಪ್ತ ಮಾಡ್ಲಿಕ್ಕೆ ನಾಯಿ ಅಂತ ಬರದಾರ, ಪರವಾನಗಿ ಕೊಡ್ಲಿಕ್ಕೆ ಬರದಿಲ್ಲ."

"ಹಂಗಾರ ನಾ ಏನ ಮಾಡಲ್ರಿ?"

"ವಿಜಾಪುರಕ್ಕ ಬರದು ಕೇಳ್ತೀನಿ. ಉತ್ತರ ಬರೂತನಕಾ ಅದನ್ನ ಬಿಡಬ್ಯಾಡ."

ಅವನು ಮತ್ತೆ ದೀಪಾವಳಿಗೆ ಹೋದ, ಎಳ್ಳಮಾಸಿ ಮುಗಿಸಿ ಹೋದ. ಉತ್ತರ ಬಂದಿರಲಿಲ್ಲ. ಪಂತರು ಸುಳ್ಳು ಹೇಳುವವರಲ್ಲ, ಎರಡನೆಯ ಸಲ ಬರೆದುದನ್ನೂ ಹೇಳಿದರು. ಬೇಟೆಯ ಹಂಗಾಮು ಹಾಗೆಯೇ ಕಳೆದು ಯುಗಾದಿ ಬಂತು. ಆ ಚಳಿಗಾಲವಿಡೀ ಹರಣಿ ಕುರಿ ಕೂಡುವ ದಡ್ಡಿಯ ಗೂಟದಲ್ಲಿತ್ತು. ಸುಂದರವ್ವ ರೊಟ್ಟಿ ಮಜ್ಜಿಗೆ ಕಲಸಿ ಇಟ್ಟರೆ ತಿನ್ನುತ್ತಿತ್ತು. ದೂರದ ಮಡ್ಡಿಯಲ್ಲಿ ಏನಾದರೂ ಅಲುಗಿದರೆ ಎದ್ದು ನಿಂತು ಹಗ್ಗ ಜಗ್ಗಿ, ಮೈಯೆಲ್ಲ ನಡುಗಿಸುತ್ತಿತ್ತು. ಸಿದರಾಯ ಅದರ ಬೆನ್ನ ಮೇಲೆ ಕೈ ಇಟ್ಟು ಕೂತಿರುತ್ತಿದ್ದ.

ಬೇಸಗೆಯಲ್ಲಿ ತೋಳ ಬಂತು. ಹೊಳೆಯ ಕಡೆಯಿಂದ ಬಂದ ಜೋಡಿ ತೋಳ ಎಂದು ಊರವರು ಅಂದರು. ಹರಣಿ ಬಯಲಲ್ಲಿ ತಿರುಗುತ್ತಿದ್ದಾಗ ಅವು ಈ ದಡ್ಡಿಯ ಹತ್ತಿರ ಸುಳಿದಿರಲಿಲ್ಲ. ಈಗ ನಾಯಿ ಕಟ್ಟಿ ಹಾಕಿದೆ ಎಂಬುದು ಅವಕ್ಕೆ ಬಲುಬೇಗ ಗೊತ್ತಾಯಿತು. ಮೊದಲು ಹಿಂದುಳಿದ ಒಂದು ಕುಂಟ ಕುರಿ ಹೋಯಿತು. ಆಮೇಲೆ ಮರಿಗಳು ಹೋಗತೊಡಗಿದವು. ಸುಂದರವ್ವ ಬಗಲಲ್ಲಿಟ್ಟು ಹಾಲು ಕುಡಿಸಿದ ತಬ್ಬಲಿ ಮರಿಯನ್ನು ಹಗಲು ಹೊತ್ತಿನಲ್ಲಿ, ಅವಳು ನೀರಿಗೆ ಹೋಗಿ ಬರುವುದರೊಳಗೆ ಎತ್ತಿಕೊಂಡು ಹೋದವು.

ಅವಳು ಕೊಡ ಇಳಿಸಿ ಗಂಡನ ಮುಂದೆ ನಿಂತಳು. ಅಳಲಿಲ್ಲ.

"ನಾಯಿ ಬಿಚ್ಚ."

"ಬಿಚ್ಚಬಾರದು ಅಂತ ಪಂತರು ಹೇಳ್ಯಾರ."

"ತೋಳ ಹಿಡೀಬಾರದು ಅಂತ ಹೇಳ್ಯಾರೇನು?"

"ತೋಳಕ್ಕ ಅಡ್ಡಿ ಇಲ್ಲಂತ. ಅದಕ್ಕ ಯಾವ ತಿಂಗಳಾದ್ರೂ ನಡೀತೈತಿ."

"ಮತ್ತ?"

ಸಿದರಾಯ ತನ್ನ ಕೋಲು ಎತ್ತಿಕೊಂಡು ಹಿಂಡಿನ ಕಡೆ ಹೋದ. ಎರಡು ದಿನ ಅವನು ತಾನೇ ಕೋಲು ಹಿಡಿದು ಕಾದ. ಮೂರನೆಯ ದಿನ ಮುಂಜಾನೆ, ಬಿಸಿಲು ಇನ್ನೂ ಏರಿರಲಿಲ್ಲ, ಹಿಂಡಿನ ಆಚೆ ಬದಿಯಲ್ಲಿ ಕುರಿಗಳು ಒಮ್ಮೆಲೇ ಒಡೆದು ಓಡಿದವು. ಬೂದು ಬಣ್ಣದ ತೋಳ ಒಂದು ಮರಿಯ ಕುತ್ತಿಗೆ ಹಿಡಿದು ಎಳೆಯುತ್ತಿತ್ತು. ಸಿದರಾಯ ಓಡಿಬಂದು ಹಗ್ಗ ಬಿಚ್ಚಿದ. ಹರಣಿ ಬಾಣದಂತೆ ಹೋಯಿತು.

ತೋಳ ಮರಿಯನ್ನು ಬಿಟ್ಟು ಹಳ್ಳದ ಕಡೆ ತಿರುಗಿತು. ಸಿದರಾಯ ಕೂಗುತ್ತ ಹಿಂದೆ ಓಡಿದ. ನಾಯಿ ತೋಳದ ಬಾಲ ಮುಟ್ಟುವಷ್ಟು ಸನಿಹವಾಗಿತ್ತು. ಅಷ್ಟರಲ್ಲಿ ಹಳ್ಳದ ಜಾಲಿಯ ಮರೆಯಲ್ಲಿ ಮಲಗಿದ್ದ ಒಂದು ಚಿಗರಿ ಗದ್ದಲಕ್ಕೆ ಬೆದರಿ ಎದ್ದು ಬಯಲಿಗೆ ಹಾರಿತು. ತೋಳ ಗಿಡಗಂಟೆಯೊಳಗೆ ಮರೆಯಾಯಿತು. ಹರಣಿಯ ಕಣ್ಣ ಮುಂದೆ ಈಗ ಓಡುತ್ತಿದ್ದುದು ಚಿಗರಿ ಒಂದೇ. ಆ ತಳಿಯ ನಾಯಿ ವಾಸನೆ ಹಿಡಿದು ಹೋಗುವುದಿಲ್ಲ, ಓಡುವುದನ್ನು ನೋಡಿ ಬೆನ್ನಟ್ಟುತ್ತದೆ.

"ಹರಣಿ, ಬ್ಯಾಡಾ! ಬಾ, ಬಾ!" ಎಂದು ಸಿದರಾಯ ಕೂಗಿದ. ಹುಟ್ಟಿದಾಗಿನಿಂದ ಅವನ ಬಾಯಿಂದ ಆ ನಾಯಿ ಬೇಟೆಯ ಹೊತ್ತಿನಲ್ಲಿ 'ಬಾ' ಎಂಬ ಮಾತು ಕೇಳಿರಲಿಲ್ಲ.

ಅವನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹರಣಿ ಏದುಸಿರು ಬಿಡುತ್ತ ಚಿಗರಿಯ ಪಕ್ಕದಲ್ಲಿ ನಿಂತು ಬಾಲ ಅಲ್ಲಾಡಿಸಿತು. ಚಿಗರಿಗೆ ಕೊಂಬಿರಲಿಲ್ಲ. ಹೊಟ್ಟೆ ಉಬ್ಬಿತ್ತು. ಸಿದರಾಯ ಕೂತು ಹೊಟ್ಟೆಯ ಮೇಲೆ ಅಂಗೈ ಇಟ್ಟ. ಕುರಿ ಈಯಿಸಿದ ಕೈ ಅದು, ಒಳಗೆ ಏನಿದೆ ಎಂದು ಅದಕ್ಕೆ ಹೇಳಬೇಕಾಗಿರಲಿಲ್ಲ. ಒಳಗಿನದು ಸ್ವಲ್ಪ ಹೊತ್ತು ಅಲುಗಿತು, ಆಮೇಲೆ ನಿಂತಿತು. ಅವನು ಕೈ ತೆಗೆಯಲಿಲ್ಲ.

ಸೈಕಲ್ಲು ತಳ್ಳಿಕೊಂಡು ಬಂದ ಅರಣ್ಯ ಖಾತೆಯ ಗಾರ್ಡ ಬಸಗೊಂಡಪ್ಪ ಅವನನ್ನು ಹಾಗೆಯೇ ಕಂಡ. ದಾರಿಯ ಮೇಲೆ ಎರಡು ಚಕ್ಕಡಿ ನಿಂತಿದ್ದವು, ಮಹಾಲಿಂಗಪುರಕ್ಕೆ ಬೆಲ್ಲ ಹೇರಿಕೊಂಡು ಹೊರಟವರು ಇಳಿದು ನೋಡುತ್ತಿದ್ದರು. ಬಸಗೊಂಡಪ್ಪ ಎಷ್ಟೋ ಸಲ ಸಿದರಾಯನ ದಡ್ಡಿಯಲ್ಲಿ ಮಜ್ಜಿಗೆ ಕುಡಿದವನು.

"ತೋಳದ ಮ್ಯಾಲ ಬಿಟ್ಟಿದ್ದೆ," ಎಂದ ಸಿದರಾಯ.

"ಇರಬೇಕು. ನಾ ಇಲ್ಲ ಅನ್ನೂದಿಲ್ಲ." ಬಸಗೊಂಡಪ್ಪ ಚಕ್ಕಡಿಗಳ ಕಡೆ ನೋಡಿದ. "ನಾ ಒಬ್ಬನ ಬಂದಿದ್ರ ನೋಡದ ಹೋಗತಿದ್ನೋ ಏನೋ. ಈಗ ಮಂದಿ ನೋಡ್ಯಾರ. ನಾಳೆ ನನ್ನ ಕೇಳತಾರ. ಜೀಪಿನವರು ನನ್ನ ಕೈಗೆ ಸಿಗೂದಿಲ್ಲ ಸಿದರಾಯಾ, ಸೈಕಲ್ಲ ಮ್ಯಾಲ ಎಲ್ಲಿ ಹಿಡೀಲಿ ಅವರನ್ನ. ನೀ ಕೂತಲ್ಲೆ ಕೂತಿದ್ದಿ."

ಪಂಚನಾಮೆ ಆಯಿತು. ಹರಣಿಯನ್ನು ಜಮಖಂಡಿಗೆ ಒಯ್ದು ಕಚೇರಿಯ ಹಿತ್ತಲಲ್ಲಿ ಬೇವಿನ ಮರಕ್ಕೆ ಕಟ್ಟಿದರು. ಕೊರಳಿಗೆ ಒಂದು ರಟ್ಟಿನ ಚೀಟಿ ಬಿತ್ತು. ಮೊಕದ್ದಮೆ ಮುಗಿಯುವ ತನಕ ಅದು ಮುದ್ದೇಮಾಲು, ಹಿಡಿದ ಬಂದೂಕು ಬಲೆಗಳ ಹಾಗೆ ಸರಕಾರದ ವಶದಲ್ಲಿರುವ ಸಾಮಾನು.

ವಾರ ಕಳೆಯುವುದರೊಳಗೆ ಶ್ರೀಧರಪಂತರು ಹೇಳಿಕಳಿಸಿದರು. ಸಿದರಾಯ ಹೋದಾಗ ಅವರು ಅವನ ಮುಖ ನೋಡಲಿಲ್ಲ. "ನಮ್ಮ ಮಗಳು ಶುಭದಾ ಚಪಾತಿ ಮಾಡಿ ಕಳಸ್ತಾಳ, ಹಾಲು ಕಳಸ್ತಾಳ. ನಿನ್ನ ನಾಯಿ ಮೂಸಿ ಬಿಡ್ತದ. ನೀನ ಬಂದು ಹಾಕಿ ಹೋಗಪಾ. ಯಾರರೆ ಕೇಳಿದ್ರ ನಾ ಹೇಳ್ತೀನಿ."

ಹಾಗಾಗಿ ಆ ಬೇಸಗೆಯಲ್ಲಿ ಸಿದರಾಯ ಮನೆಯ ರೊಟ್ಟಿ ಗಂಟು ಕಟ್ಟಿಕೊಂಡು, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲುನಡಿಗೆಯಲ್ಲಿ ಜಮಖಂಡಿಗೆ ಹೋಗಿ ಬರುತ್ತಿದ್ದ. ಹರಣಿ ಅವನ ಕೈಯಿಂದ ತಿಂದು, ಅವನು ಏಳುತ್ತಲೇ ತಾನೂ ಎದ್ದು ನಿಲ್ಲುತ್ತಿತ್ತು. ಅವನು ಹಿತ್ತಲಿನ ಬಾಗಿಲು ದಾಟುವ ತನಕ ಅದು ಬೊಗಳುತ್ತಿರಲಿಲ್ಲ. ಇತ್ತ ದಡ್ಡಿಯಲ್ಲಿ ಸುಂದರವ್ವ ಒಬ್ಬಳೇ ತಗಡು ಬಡಿದು ತೋಳ ಓಡಿಸುತ್ತಿದ್ದಳು. ಕೆಲವು ಸಲ ಅವು ಓಡುತ್ತಿದ್ದವು.

ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳಲು ಪಂತರು ಹೇಳಿದರು. ಸಿದರಾಯ ಬೇಡವೆಂದ. ತೋಳ ಬಂದದ್ದು, ನಾಯಿ ಬಿಟ್ಟದ್ದು, ಚಿಗರಿ ಎದ್ದದ್ದು ಎಲ್ಲ ಹೇಳಿದ. ಮ್ಯಾಜಿಸ್ಟ್ರೇಟರು ಸಮಾಧಾನದಿಂದ ಕೇಳಿದರು.

"ಚಿಗರಿಯ ಮೇಲೆ ಬೇಕೆಂದೇ ಬಿಟ್ಟಿಲ್ಲ ಅನ್ನುವುದನ್ನು ನಂಬುತ್ತೇನೆ. ಆದರೆ ಸತ್ತದ್ದು ಗಬ್ಬದ ಚಿಗರಿ. ಅದಕ್ಕೆ ಏನು ಹೇಳುತ್ತೀ?"

ಸಿದರಾಯನಿಗೆ ಅಂಗೈಯ ಕೆಳಗೆ ಅಲುಗಿ ನಿಂತದ್ದು ನೆನಪಾಯಿತು. "ಏನೂ ಹೇಳಾಕ ಬರೂದಿಲ್ರಿ. ತಪ್ಪಾಗೈತಿ," ಎಂದ.

ಸಣ್ಣ ದಂಡದಲ್ಲಿ ಅವನನ್ನು ಬಿಟ್ಟರು. ನಾಯಿಯನ್ನು ಬಿಡುವ ಅಧಿಕಾರ ಅವರಿಗೂ ಇರಲಿಲ್ಲ. ಅದನ್ನು ಲಿಲಾವಿಗೆ, ಅಂದರೆ ಹರಾಜಿಗೆ ಹಾಕಬೇಕು, ಬೇಟೆಯ ಪರವಾನಗಿ ಇದ್ದವರು ಮಾತ್ರ ಬೆಲೆ ಕೂಗಬೇಕು ಎಂದು ಆದೇಶವಾಯಿತು. ಹೊರಗೆ ಬಂದ ಮೇಲೆ ಸಿದರಾಯ ಪಂತರನ್ನು ಕೇಳಿದ: "ನನ್ನ ಪರವಾನಗಿದು ಏನರೆ ಬಂತೇನ್ರಿ?"

"ಇಲ್ಲೋ," ಎಂದರು ಪಂತರು. "ಬಂದಿದ್ರೂ ಗುನ್ಹೇಗಾರಗ ಕೂಗ್ಲಿಕ್ಕೆ ಬರ್ತಿದ್ದಿಲ್ಲ," ಎಂದರು.

ಲಿಲಾವು ಬಹಳ ಹೊತ್ತು ನಡೆಯಲಿಲ್ಲ. ಎರಡು ಹಳೆಯ ಬಲೆ, ಒಂದು ಮುರಿದ ಬಂದೂಕು, ಆಮೇಲೆ ಹರಣಿ. ಬೆಳಗಾವಿಯಿಂದ ಬಂದಿದ್ದ ಗೋಪಾಳರಾಯರೆಂಬ ವಕೀಲರು ಕೂಗಿ ಪಡೆದರು. ಒಳ್ಳೆಯ ಮನುಷ್ಯರು, ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಕಿವಿ, ಹಲ್ಲು, ಕಾಲು ನೋಡಿ "ಎಂಥಾ ಜೀವ ಇದು!" ಎಂದರು. ಆದರೆ ಅವರ ಆಳು ಹಗ್ಗ ಹಿಡಿದು ಎಳೆದರೆ ಹರಣಿ ನಾಲ್ಕೂ ಕಾಲೂರಿ ನಿಂತಿತು. ಎತ್ತಲು ಹೋದವನ ಕೈಗೆ ಹಲ್ಲು ತಾಗಿಸಿತು. ಹಗ್ಗ ಬಿಗಿದು ಅದರ ಕಣ್ಣುಗಳು ಮೇಲೆ ಸಿಕ್ಕಿಕೊಂಡವು.

ಮೂಲೆಯಲ್ಲಿ ನಿಂತಿದ್ದ ಸಿದರಾಯನನ್ನು ಪಂತರು ನೋಡಿದರು. ವಕೀಲರೇ ಹತ್ತಿರ ಬಂದರು.

"ನಿಂದನ ಅಂತಲ್ಲ ಈ ನಾಯಿ. ಸಿಟ್ಟಾಗಬ್ಯಾಡಪಾ. ಹಿಂಗ ಎಳದ್ರ ಅದಕ್ಕ ಪೆಟ್ಟಾಗ್ತದ. ನೀನ ಸ್ವಲ್ಪ ಜೀಪಿಗೆ ಹತ್ತಿಸಿ ಕೊಡ್ತೀಯೇನು?"

ಸಿದರಾಯ ಹಗ್ಗ ಸಡಿಲಿಸಿದ. ಹರಣಿ ಅವನ ಮೊಣಕಾಲಿಗೆ ಮೈ ತಿಕ್ಕಿತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹಿತ್ತಲಲ್ಲಿ ಕಟ್ಟಿ ಕಟ್ಟಿ ಅದು ಹಗುರಾಗಿತ್ತು. ಮನೆಗೆ ಒಯ್ಯುತ್ತಾನೆ ಎಂದುಕೊಂಡಿತೇನೋ, ಭುಜದ ಮೇಲೆ ತಲೆ ಇಟ್ಟು ಸುಮ್ಮನಾಯಿತು. ಜೀಪಿನ ಹಿಂದೆ ಚೀಲದ ಮೇಲೆ ಮಲಗಿಸಿ "ಕೂಡು, ಇಲ್ಲೆ ಕೂಡು" ಎಂದ. ಅದು ಅವನ ಮಾತು ಕೇಳಿತು.

"ರೊಟ್ಟಿ ಮಜ್ಜಿಗ್ಯಾಗ ಕಲಸಿ ಹಾಕ್ರಿ," ಎಂದು ಅವನು ವಕೀಲರಿಗೆ ಹೇಳಿದ. "ಮಳಿಗಾಲದಾಗ ಹಸಿ ನೆಲದ ಮ್ಯಾಲ ಮಲಗಸಬ್ಯಾಡ್ರಿ, ಕಾಲ ಹಿಡಿತಾವು."

ಜೀಪು ತಿರುಗಿ ಬಜಾರದ ಕಡೆ ಹೋಯಿತು. ಹರಣಿ ಎದ್ದು ನಿಂತು ಹಿಂದಕ್ಕೆ ನೋಡುತ್ತಿತ್ತು, ಇಳಿಯಲಿಲ್ಲ. ಕೂಡು ಎಂದದ್ದನ್ನು ಅದು ಅಷ್ಟರ ಮಟ್ಟಿಗೆ ಪಾಲಿಸಿತು. ಶ್ರೀಧರಪಂತರು ಕಚೇರಿಯ ಮೆಟ್ಟಿಲ ಮೇಲೆ ನಿಂತು, "ಊಟಾ ಮಾಡಿ ಹೋಗು, ಮನಿಗೆ ಬಾ," ಎಂದರು. ಸಿದರಾಯ ಕೈ ಮುಗಿದು ಬಸ್ಸಿನ ಕಡೆ ನಡೆದ.

ಮನೆಯಲ್ಲಿ ಸುಂದರವ್ವ ಕೇಳಿದಳು. ಅವನು ಎಲ್ಲ ಹೇಳಿದ, ತಾನೇ ಜೀಪಿಗೆ ಎತ್ತಿ ಹತ್ತಿಸಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಅವಳು ಸಂತೆಯಲ್ಲಿ ಬಸಗೊಂಡಪ್ಪನಿಂದ ಕೇಳಿ ತಿಳಿದಳು, ಮತ್ತೆ ಅವನೆದುರು ಆ ಮಾತು ಎತ್ತಲಿಲ್ಲ.

ಶ್ರಾವಣದಲ್ಲಿ ಅವಳ ತಮ್ಮ ಯಮನಪ್ಪ ಬಂದ. ಕಂಬಳಿಯ ಮಡಿಕೆಯಲ್ಲಿ ಒಂದು ಮರಿ ಇತ್ತು, ಅದೇ ತಳಿಯದು, ಕಣ್ಣು ಬಿಟ್ಟು ಕೆಲವೇ ದಿನವಾಗಿತ್ತು. "ಹಿಂಗ ಎಷ್ಟ ದಿನಾ ತಗಡ ಬಡೀತೀರಿ ಮಾವಾ," ಎಂದು ಸಿದರಾಯನ ಮಡಿಲಿಗೆ ಇಟ್ಟ. ಮರಿ ಅವನ ಧೋತರದ ಚುಂಗು ಕಚ್ಚಿ ಎಳೆಯಿತು. ಸುಂದರವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು, ಅವಳ ಮುಖದಲ್ಲಿ ಆಸೆ ಇತ್ತು.

ಸಿದರಾಯ ಮರಿಯನ್ನು ನೆಲಕ್ಕೆ ಬಿಟ್ಟ. ಅಂಗಳದಲ್ಲಿ ಒಂದು ಕೋಳಿ ಓಡಿತು. ಮರಿ ಮುಗ್ಗರಿಸುತ್ತ ಅದರ ಹಿಂದೆ ಹೊರಟಿತು.

ಅವನು ಹೋಗಿ ಅದನ್ನು ಎತ್ತಿಕೊಂಡ, ಮೈ ಮೇಲಿನ ಧೂಳು ಒರೆಸಿದ, ಯಮನಪ್ಪನ ಕಂಬಳಿಯೊಳಗೆ ತಿರುಗಿ ಇಟ್ಟ.

"ಬ್ಯಾಡ ತಮ್ಮಾ. ಓಡೂದು ಇದರ ಹುಟ್ಟಗುಣ. ನಾ ಏನಂತ ಹೇಳಲಿ ಇದಕ್ಕ?"

ಯಮನಪ್ಪ ಅಕ್ಕನ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು. ಹೊರಗೆ ತುಂತುರು ಮಳೆ ಹಿಡಿದಿತ್ತು. ಸಿದರಾಯ ಕೋಲು ತೆಗೆದುಕೊಂಡು, ಕಂಬಳಿಯ ಕೊಪ್ಪೆ ಹಾಕಿಕೊಂಡು, ತೋಳಕ್ಕೆ ಸಿಗದಂತೆ ಕುರಿಗಳನ್ನು ಊರ ಹತ್ತಿರದ ಹೊಲಕ್ಕೆ ಹೊಡೆದುಕೊಂಡು ಬರಲು ಹೊರಟ.