ಮೊಣಕಾಲುದ್ದದ ಗುಂಡಿಗಳು

ಪುರಾತತ್ವ ಇಲಾಖೆಯ ಕಾವಲುಗಾರ ಖಲಫ್ ಸತ್ತ ಮೇಲೆ ದಿಬ್ಬ ಕಾಯುವ ಕೆಲಸ ಅವನ ಹೆಂಡತಿಯ ತಲೆಗೆ ಬಂತು. ಯಾರೂ ಕೊಟ್ಟದ್ದಲ್ಲ, ಕೊಡುವವರಾದರೂ ಬಾಗ್ದಾದಿನಲ್ಲಿ ಯಾರಿದ್ದರು ಆಗ? ಯುದ್ಧ ಬಂದು ಸರ್ಕಾರವೇ ಬಿದ್ದುಹೋಗಿತ್ತು. ಊರಿಗೆ ಊರೇ ಸಲಿಕೆ ಹಿಡಿದು ಮರಳುಗಾಡಿನ ಹಳೆಯ ದಿಬ್ಬಗಳ ಮೇಲೆ ಬಿದ್ದಿತ್ತು. ನಾಲ್ಕು ಸಾವಿರ ವರ್ಷ ತಣ್ಣಗೆ ಮಣ್ಣಲ್ಲಿ ಮಲಗಿದ್ದ ಮುದ್ರೆಗಳು, ಬರಹ ಕೊರೆದ ಮಣ್ಣಿನ ಹಲಗೆಗಳು ಪಿಕಪ್ಪು ಹತ್ತಿ ಗಡಿ ದಾಟುತ್ತಿದ್ದವು.

ಜನ ಅವಳನ್ನು ಉಮ್ ಗಾಯಿಬ್ ಎನ್ನುತ್ತಿದ್ದರು, ಬಾರದ ಮಗುವಿನ ತಾಯಿ. ಮಕ್ಕಳಾಗದವಳನ್ನು ದಕ್ಷಿಣ ಇರಾಕಿನಲ್ಲಿ ಕರೆಯುವುದೇ ಹಾಗೆ. ಮರ್ಯಾದೆಗಂತೆ! ದಿನಕ್ಕೆ ಹತ್ತು ಸಲ ಕರೆಸಿಕೊಳ್ಳುವವಳಿಗೆ ಗೊತ್ತು ಆ ಮರ್ಯಾದೆ ಎಲ್ಲಿ ಚುಚ್ಚುತ್ತದೆ ಅಂತ.

ಒಂಟಿ ಹೆಂಗಸು ಎಷ್ಟು ಜನರನ್ನು ಓಡಿಸಿಯಾಳು? ಆದರೆ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು: ಬೇರೆಯವರು ಆಗಲೇ ಅಗೆದು ಹಾಳುಮಾಡಿದ ದಿಬ್ಬವನ್ನು ಕಳ್ಳರು ಹತ್ತುವುದಿಲ್ಲ. ಸರಿ, ತಾನೇ ಸಲಿಕೆ ಹಿಡಿದಳು. ದಿನಾ ಬೆಳಗ್ಗೆ ಒಂದು ಗುಂಡಿ, ಮೊಣಕಾಲುದ್ದ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಅಲ್ಲಿಯವರೆಗೆ ಬರೀ ಗಾಳಿ ತಂದು ಸುರಿದ ಮಣ್ಣು, ಅದರ ಕೆಳಗೇ ಹಳೆಯ ಇಟ್ಟಿಗೆ ಎಂದು ಖಲಫ್ ಹೇಳಿದ್ದ. ಗುಂಡಿಗೊಂದು ಸಿಗರೇಟಿನ ಡಬ್ಬಿಯನ್ನೋ, ಒಡೆದ ಚಹಾದ ಲೋಟವನ್ನೋ, ಹರಿದ ಚಪ್ಪಲಿಯನ್ನೋ ಎಸೆದಳು. ಹೀಗೆ ಮುನ್ನೂರು ಗುಂಡಿಗಳಾದವು. ಪಿಕಪ್ಪುಗಳು ಬಂದವು, ನೋಡಿದವು, ಬೈದುಕೊಂಡು ತಿರುಗಿಹೋದವು. ದಿಬ್ಬದ ಪಕ್ಕದ ತನ್ನ ಗುಡಿಸಲಲ್ಲಿ ಕೂತು ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಯಾರಿಗಾದರೂ ಹೇಳೋಣವೆಂದರೆ ಯಾರಿದ್ದಾರೆ? ನಗು ಅಲ್ಲೇ ನಿಂತುಹೋಗುತ್ತಿತ್ತು.

ಹದಿನೆಂಟು ವರ್ಷ ಕಳೆದ ಮೇಲೆ ಇಲಾಖೆಯ ಜೀಪು ಬಂತು. ಇಳಿದವಳು ರಬಾಬ್ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಉಮ್ ಗಾಯಿಬ್ ಸಡಗರದಿಂದ ಚಹಾ ಕಾಸಿ, ರೊಟ್ಟಿ, ಖರ್ಜೂರದ ಪಾಕ ತಂದಿಟ್ಟಳು. ರಬಾಬ್ ಡ್ರೋನಿನಿಂದ ತೆಗೆದ ಚಿತ್ರ ತೋರಿಸಿದಳು. ದಿಬ್ಬ ಸಿಡುಬು ಬಂದ ಮುಖದಂತಿತ್ತು. ಇದರ ಕಥೆ ಮುಗಿಯಿತು ಎಂದಳು. ಉಳಿದಿರುವ ನಾಲ್ಕು ದಿಬ್ಬಗಳಿಗೆ ಬೇಲಿ ಹಾಕುತ್ತಾರಂತೆ. ಇದರ ಮಣ್ಣನ್ನು ಹೊಸ ರಸ್ತೆಗೆ ಎತ್ತುತ್ತಾರಂತೆ.

ಉಮ್ ಗಾಯಿಬ್ ಲೋಟ ಕೆಳಗಿಟ್ಟಳು. ಇಲಾಖೆಯ ನಿಯಮವನ್ನು ಖಲಫ್ ಎಷ್ಟು ಸಲ ಹೇಳಿರಲಿಲ್ಲ! ದಿಬ್ಬ ಅಗೆದವರು ಕಾವಲುಗಾರರೇ ಆಗಲಿ, ಮತ್ತೆ ಅಲ್ಲಿ ಕಾಲಿಡುವಂತಿಲ್ಲ. ಬಾಯಿಬಿಟ್ಟರೆ ದಿಬ್ಬ ಉಳಿಯುತ್ತದೆ, ತಾನು ಹೋಗಬೇಕು. ಈ ದಿಬ್ಬ ಬಿಟ್ಟರೆ ಅವಳಿಗೆ ಲೋಕದಲ್ಲಿ ತನ್ನದು ಅಂತ ಏನೂ ಇರಲಿಲ್ಲ. 

"ಆ ಗುಂಡಿ ಎಲ್ಲಾ ನಾನೇ ತೋಡಿದ್ದು ಕಣಮ್ಮ," ಅಂದಳು.

ರಬಾಬ್ ನಕ್ಕಳು. "ಮುನ್ನೂರೂನಾ, ಚಿಕ್ಕಮ್ಮ?"

"ಜೀಪಲ್ಲಿ ಕಬ್ಬಿಣದ ಸಲಾಕೆ ಇದ್ಯಲ್ಲ, ಚುಚ್ಚಿ ನೋಡು. ಮೊಣಕಾಲಿಗಿಂತ ಕೆಳಗಿಳಿದ್ರೆ ನಾನು ಸುಳ್ಳಿ ಅಂತ ಬರ್ಕೋ."

ಮೊದಲ ಗುಂಡಿಯಲ್ಲಿ ಸಲಾಕೆ ಟಣ್ ಎಂದು ಇಟ್ಟಿಗೆಗೆ ತಾಗಿತು. ಎರಡನೆಯದರಲ್ಲೂ ಹಾಗೇ. ಹತ್ತನೆಯ ಗುಂಡಿ ದಾಟಿದ ಮೇಲೆ ರಬಾಬ್ ಸಲಾಕೆ ಬಿಸಾಕಿ ಬಂದು ಅವಳ ಹಣೆಗೆ ಮುತ್ತಿಟ್ಟಳು. ಆಮೇಲೆ ಸಪ್ಪಗಾದಳು.

"ಯಾರು ತೋಡಿದ್ದು ಅಂತ ಬರೀಲೇಬೇಕು ಚಿಕ್ಕಮ್ಮ. ಇಲ್ದಿದ್ರೆ ಮೇಲಿನವ್ರು ನಂಬಲ್ಲ."

"ಬರಿ. ಉಮ್ ಗಾಯಿಬ್ ಅಂತ ಬೇಡ. ಫಖ್ರಿಯಾ ಅಂತ ಬರಿ. ಖಲಫ್ ಹೋದ್ಮೇಲೆ ಆ ಹೆಸರು ಯಾರೂ ಕರೆದಿಲ್ಲ."

ಹೆಬ್ಬೆಟ್ಟು ಒತ್ತಿ, ಗಂಟು ಕಟ್ಟಿಕೊಂಡು ಮೈದುನನ ಮನೆ ಸೇರಿದಳು. ಅಲ್ಲಿ ಅವಳ ಕೈಗೆ ಕೆಲಸವಿರಲಿಲ್ಲ, ಮಾತಿಗೆ ಕಿವಿಯಿರಲಿಲ್ಲ. ಬೇಸಿಗೆಗೆ ಮುಂಚೆ ಬೇಲಿ ಬಂತೆಂದು ಕೇಳಿ, ಒಂದು ಮಧ್ಯಾಹ್ನ ತಡೆಯಲಾರದೆ ನಡೆದುಕೊಂಡೇ ಹೋದಳು. ತಂತಿ ಹಿಡಿದು ದಿಬ್ಬವನ್ನೇ ನೋಡುತ್ತ ನಿಂತಳು. ಅವಳದೇ ಗುಡಿಸಲಿನಿಂದ ಹೊಸ ಕಾವಲುಗಾರ ಹೊರಬಂದ. ಪರ ಊರಿನವನು, ಅವಳ ಗುರುತಿಲ್ಲ.

"ಏಯ್ ಮುದುಕಿ, ಕದಿಯೋಕೆ ಬಂದ್ಯಾ? ನಡಿ ಆಚೆ!"

ಅವಳಿಗೆ ಅಳು ಉಕ್ಕಿ ಬಂತು. ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡು ತಂತಿ ಬಿಟ್ಟಳು.

"ಇನ್ನೂ ಜೋರಾಗಿ ಕೂಗಪ್ಪ," ಅಂದಳು. "ಇಷ್ಟು ಮೆತ್ತಗೆ ಕೂಗಿದ್ರೆ ಕಳ್ಳರು ಹೆದರಲ್ಲ."

ಅವನು ಗಂಟಲು ಹರಿಯುವಂತೆ ಕೂಗಿದ. ಅವಳು ತಲೆಯಾಡಿಸಿ ಊರಿನ ದಾರಿ ಹಿಡಿದಳು.