ಕೌಂಟರಿನ ಹೊಸ ಮುಖ

ಎಂಐಡಿಸಿ ಕಾರ್ಖಾನೆಗಳ ವಾಸನೆ ಬಂತು, ಇನ್ನು ದುಪಟ್ಟಾ ಮೂಗಿಗೆ, ಬಸ್ಸಿನ ಕಿಟಕಿ ಹಾಕಿದರೆ ಸೆಕೆ, ತೆರೆದರೆ ಈ ಕೊಳೆತ ಮೊಟ್ಟೆಯಂಥ ಗಾಳಿ, ಮದುವೆಯಾಗಿ ಡೊಂಬಿವಲಿಗೆ ಬಂದು ಆರು ವರ್ಷವಾದರೂ ನನ್ನ ಮೂಗು ಇದಕ್ಕೆ ಒಗ್ಗಲಿಲ್ಲ, ಮಾವನ ಮೂಗು ಎಂದೋ ಒಗ್ಗಿದೆ, ಅವರ ಕಿವಿ ಮಾತ್ರ — ಬೇಡ, ಅದು ಈಗ ಬೇಡ, ನಾನಿಳಿಯುವ ಮಹಾಪೆ ಬರುವುದರೊಳಗೆ ಈ ಪೋಸ್ಟ್ ಹಾಕಿ ಮುಗಿಸಬೇಕು, ಆಫೀಸಿಗೆ ಕಾಲಿಟ್ಟರೆ ಠಾಣೆಯ ಬಿಲ್ಡರನ ಪೇಜು, ಕಲ್ಯಾಣದ ಕೋಚಿಂಗ್ ಕ್ಲಾಸಿನ ಪೇಜು, ಊರವರ ಪೇಜುಗಳನ್ನೆಲ್ಲ ಸಾಕುವ ಈ ಸೌಜನ್ಯಳಿಂದ ಮನೆಯ ಹೋಟೆಲಿಗೆ ಸಿಗುವುದು ಬಸ್ಸಿನ ಈ ಮುಕ್ಕಾಲು ಗಂಟೆ ಮಾತ್ರ. ಫೇಸ್‌ಬುಕ್, ಟ್ವಿಟರ್, ಇನ್‌ಸ್ಟಾಗ್ರಾಮ್, ಮೂರೂ ಕಡೆ ಒಂದೇ ಮಾತು, ಬೆಳಿಗ್ಗೆ ರಿತೇಶ್ ಶೂ ಕಟ್ಟುತ್ತ ಹೇಳಿದ್ದು, ಸೋಮವಾರದಿಂದ ಕೌಂಟರಿನಲ್ಲಿ ಹೊಸ ಮುಖ ಅಂತ ಹಾಕಿ ಬಿಡು, ಇಂಗ್ಲಿಷಿನಲ್ಲಿ ಹಾಕು, ಅಪ್ಪನಿಗೆ ನಾನು ನಿಧಾನ ಹೇಳ್ತೇನೆ, ನಿಧಾನ ಅಂದರೆ ಯಾವಾಗ ಎಂದು ಗಂಡನನ್ನು ಕೇಳಬೇಕಿತ್ತು, ಕೇಳಲಿಲ್ಲ. ಶುರುವಾದದ್ದು ಭಾನುವಾರದ ಗೋಳಿಬಜೆಯ ಫೋಟೋದಿಂದ, ಅದರ ಕೆಳಗೆ ಯಾರೋ ಬರೆದರು, ತಿಂಡಿ ಚೆನ್ನಾಗಿದೆ, ಕೌಂಟರಿನ ಮುದುಕ ಮಾತ್ರ ಗಿರಾಕಿಗಳ ಮೇಲೆ ಕಿರುಚುತ್ತಾನೆ, ಅವನನ್ನು ಅಲ್ಲಿಂದ ಎಬ್ಬಿಸಿ — ಹನ್ನೊಂದು ಜನ ಹೌದು ಹೌದು ಅಂದರು. ಮಾವನದು ಕಿರುಚುವುದಲ್ಲ, ಕಿವಿ ಕೇಳಿಸದವರು ಮಾತಾಡುವ ರೀತಿ, ಮೂವತ್ತು ವರ್ಷ ಗ್ರೈಂಡರಿನ ಪಕ್ಕ ನಿಂತ ಕಿವಿ, ಎಡಗಡೆಯದು ಪೂರ್ತಿ ಹೋಗಿದೆ, ಬಲಗಡೆಯದು ಅರ್ಧ, ಗೊತ್ತಿರುವುದು ನನಗೊಬ್ಬಳಿಗೆ, ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿದ್ದರೂ ಅವರು ಸೋಂಪಿನ ತಟ್ಟೆ ಒರೆಸುತ್ತ ಕೂತಿದ್ದ ದಿನ ಗೊತ್ತಾಯಿತು, ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು, ರಿತೇಶನಿಗೆ ಹೇಳ್ಬೇಡ ಮಗಾ, ಕಿವಿ ಕೇಳುದಿಲ್ಲ ಅಂತಾದ್ರೆ ನನ್ನನ್ನು ಮನೆಯಲ್ಲಿ ಕೂರಿಸ್ತಾನೆ ಅಂದರು, ಹೇಳುದಿಲ್ಲ ಮಾವ ಅಂದೆ, ಹೇಳಲಿಲ್ಲ. ಹೇಳದೆಯೂ ಕೂರಿಸುತ್ತಿದ್ದಾನೆ.

ಶಿಳ್‌ಫಾಟಾ, ಟ್ರಕ್ಕುಗಳ ಸಾಲು, ಬಸ್ಸು ನಿಂತಿದೆ, ಒಳ್ಳೆಯದಾಯಿತು. ಇನ್ನೊಂದು ರೀತಿಯೂ ಬರೆಯಬಹುದಿತ್ತು, ನಮ್ಮ ಹಿರಿಯರಿಗೆ ಕಿವಿ ಮಂದ, ಸ್ವಲ್ಪ ಜೋರಾಗಿ ಹೇಳಿ, ಅವರು ನಗುತ್ತಾರೆ — ಇಂಥದಕ್ಕೆ ಜನ ಕರಗುತ್ತಾರೆ, ಕರಗಿಸುವುದೇ ನನ್ನ ಕಸುಬು, ಆದರೆ ಅವರು ಮಗನಿಂದಲೂ ಮುಚ್ಚಿಟ್ಟದ್ದನ್ನು ಮೂರು ಪೇಜಿನಲ್ಲಿ ಹರಡಿ ಅವರನ್ನು ಅದೇ ಕೌಂಟರಿನಲ್ಲಿ ಕೂರಿಸುವುದೇ, ಬಂದವರೆಲ್ಲ ಕಿವಿಯನ್ನೇ ನೋಡಲಿ ಎಂದು. ರಿತೇಶನಿಗಾದರೂ ಹೇಳಬಹುದಿತ್ತು, ಕೊಟ್ಟ ಮಾತು ಎಂದು ನೆವ ಹೇಳಿಕೊಳ್ಳುತ್ತಿದ್ದೇನೆ, ನಿಜ ಏನೆಂದರೆ ಬೆಳಿಗ್ಗೆ ಬೆಳಿಗ್ಗೆ ಗಂಡನ ಜೊತೆ ಜಗಳ ಬೇಡವಾಗಿತ್ತು, ನಾಚಿಕೆಯಾಗುತ್ತದೆ. ಫೋಟೋ ಒಂದು ಬೇಕು. ಕೌಂಟರಿನದು ಇರುವುದು ಇದೊಂದೇ, ದೀಪಾವಳಿಯಲ್ಲಿ ನಾನೇ ತೆಗೆದದ್ದು, ಮಾವ ಇಸ್ತ್ರಿಯ ಶರ್ಟು ಹಾಕಿ ಕೂತಿದ್ದಾರೆ, ಬಲಗೈ ಹೋಟೆಲಿನ ಹೆಸರು ಬರೆದ ಗಾಜಿನ ಮೇಲೆ, ಹದಿನೇಳನೇ ವಯಸ್ಸಿನಲ್ಲಿ ರುಬ್ಬುವ ಕಲ್ಲಿಗೆ ಸಿಕ್ಕಿ ಉಗುರು ಚಪ್ಪಟೆಯಾದ ಹೆಬ್ಬೆರಳು. ನಮ್ಮ ಪೇಜಿನ ಫೋಟೋಗಳೆಲ್ಲ ಚೌಕ, ಎಳೆದೆ, ಮುಖ ಹೋಯಿತು, ಇನ್ನಷ್ಟು ಎಳೆದೆ, ಹೆಗಲು ಹೋಯಿತು, ಶರ್ಟಿನ ತೋಳು ಹೋಯಿತು, ಹೋಟೆಲಿನ ಹೆಸರು ಉಳಿಯಬೇಕೆಂದರೆ ಹೆಬ್ಬೆರಳು ಉಳಿಯಲೇಬೇಕು, ಇರಲಿ, ಯಾರು ನೋಡುತ್ತಾರೆ, ಮೂರೂ ಕಡೆ ಅದೇ ಚೌಕ, ಕೆಳಗೆ ರಿತೇಶ್ ಹೇಳಿದ ಸಾಲು ಇಂಗ್ಲಿಷಿನಲ್ಲಿ, ಹಾಕಿದೆ. ಬಸ್ಸು ಹೊರಟಿತು, ಗಾಳಿ ಬಂತು, ಬೇರೆ ಯೋಚನೆ ಮಾಡಬೇಕು, ಬಿಲ್ಡರನಿಗೆ ಗುಡಿ ಪಾಡವಾದ ಶುಭಾಶಯ — ಫೋನು ನಡುಗಿತು, ಯಜ್ಞೇಶ್ವರ ಅವರು ನಿಮ್ಮ ಪೋಸ್ಟನ್ನು ಲೈಕ್ ಮಾಡಿದ್ದಾರೆ. ಮಾವ. ಮೊದಲ ಲೈಕು ಯಾವಾಗಲೂ ಅವರದೇ, ಹೊಸ ಫೋನು ಕೈಗೆ ಕೊಟ್ಟು ನಾನು ಕಲಿಸಿದ್ದು ಅದೊಂದನ್ನೇ, ಈ ಹೆಬ್ಬೆರಳನ್ನು ಒತ್ತಿದರೆ ಆಯಿತು ಮಾವ, ಇಂಗ್ಲಿಷು ಓದಲು ಬರುವುದಿಲ್ಲ, ಸೊಸೆ ಹಾಕಿದ್ದು ಅಂದರೆ ಒತ್ತುತ್ತಾರೆ, ಸಂಜೆ ಕೇಳುತ್ತಾರೆ, ಇವತ್ತು ಎಂತ ಹಾಕಿದ್ದಿ ಮಗಾ, ಚಂದ ಉಂಟು — ಮಹಾಪೆ ಮಹಾಪೆ ಅನ್ನುತ್ತಿದ್ದಾನೆ ಕಂಡಕ್ಟರ್, ಏಳಬೇಕು, ಅಳಿಸಬೇಕು, ಅವರಿಗೆ ಫೋನು ಮಾಡಬೇಕು, ಮಾಡಿದರೂ ಕೇಳಿಸುವುದಿಲ್ಲ, ಚೌಕದ ಅಂಚಿನಲ್ಲಿ, ಗಾಜಿನ ಮೇಲೆ, ಹೆಬ್ಬೆರಳು, ಚಪ್ಪಟೆ ಉಗುರಿನ ಹೆಬ್ಬೆರಳು