ಯಂತ್ರದ ಪಕ್ಕ ಇಟ್ಟ ಮೈಕು

ಅತ್ತೆಯ ಗಂಟಲಿನ ಆಪರೇಷನ್‌ಗೆ ಒಂಬತ್ತು ದಿನ ಉಳಿದಿತ್ತು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗಂಟಲಿನ ಚಿತ್ರ ಬರೆದು, ಗಂಟು ಇರುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟರು.

"ತೆಗೀಬಹುದು, ಭಯ ಇಲ್ಲ. ಆದ್ರೆ ಧ್ವನಿ ಮೊದಲಿನ ಹಾಗೇ ಇರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಅಲ್ಲಿವರೆಗೂ ಮಾತು ಕಡಿಮೆ ಮಾಡಿ."

"ನಾನು ಕಡಿಮೆ ಮಾಡಿದ್ರೆ ನಮ್ಮನೇಲಿ ಗೋಡೆ ಮಾತಾಡ್ಬೇಕು ಡಾಕ್ಟ್ರೇ," ಎಂದರು ಅತ್ತೆ, ನನ್ನ ಕಡೆ ಕೈ ತೋರಿಸಿ. "ಇವಳಂತೂ ಬಾಯಿ ಬಿಡಲ್ಲ."

ನಿಜ. ನನ್ನ ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ನಾನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹೊಸ ಪುಸ್ತಕಗಳನ್ನು ವಿಂಗಡಿಸಿ, ನಂಬರು ಹಾಕಿ, ಪಟ್ಟಿಗೆ ಸೇರಿಸುವವಳು. ಮಾತಿಲ್ಲದೆ ದಿನ ಕಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಅತ್ತೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮಗ ಹಸುಗೂಸಾಗಿದ್ದಾಗ ಅವನನ್ನು ತುಂಡುಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ, ಹೊಲಿಗೆ ಯಂತ್ರ ತುಳಿಯುತ್ತ ಒಂದು ರಾಗ ಹಾಡುತ್ತಿದ್ದರಂತೆ. ಮಾತಿಲ್ಲದ ರಾಗ, ಅವರೇ ಕಟ್ಟಿದ್ದು. ದೊಡ್ಡವನಾದ ಮೇಲೂ ಅವನು ಗಡ್ಡ ಹೆರೆಯುವಾಗ ಅದನ್ನೇ ಗುನುಗುತ್ತಿದ್ದ. ರೇಜರು ಗದ್ದದ ಕೆಳಗೆ ಬಂದಾಗ ಕತ್ತು ಮೇಲೆತ್ತಿ ಸುಮ್ಮನಾಗುತ್ತಿದ್ದ. ಹಾಗಾಗಿ ನನಗೆ ಗೊತ್ತಿರುವುದು ರಾಗದ ಅರ್ಧ ಮಾತ್ರ. ಉಳಿದರ್ಧ ಅತ್ತೆಯ ಗಂಟಲಲ್ಲಿತ್ತು, ಆ ಚುಕ್ಕೆಯ ಪಕ್ಕದಲ್ಲಿ.

ಅದನ್ನು ರೆಕಾರ್ಡ್ ಮಾಡಬೇಕೆಂದು ಅವನೇ ಒಂದು ಮೈಕು ತಂದಿದ್ದ. ಡಬ್ಬಿ ಒಡೆಯದೆ ಬೀರುವಿನ ಮೇಲೆ ಇತ್ತು. ಆಸ್ಪತ್ರೆಯಿಂದ ಬಂದವಳೇ ಸ್ಟೂಲು ಹತ್ತಿ ಇಳಿಸಿದೆ. ಒಳಗಿದ್ದ ಕಾಗದದಲ್ಲಿ ಎರಡೇ ಸಾಲು: ಮೈಕನ್ನು ಕಂಪ್ಯೂಟರಿಗೆ ಜೋಡಿಸಿ. ನಿಮ್ಮ ಆಯ್ಕೆಯ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯಿರಿ.

ನನ್ನ ಆಯ್ಕೆಯ. ಅಲ್ಲಿಂದ ಶುರುವಾಯಿತು.

"ಫೋನಲ್ಲಿ ಮಾಡ್ಕೊಂಡ್ರೆ ಆಗಲ್ವೇನೆ?" ಎಂದರು ಅತ್ತೆ.

"ಅವನು ಇದಕ್ಕೇ ಅಂತ ಮೈಕು ತಂದಿದ್ದ ಅತ್ತೆ."

"ತಂದಿದ್ದ. ಪೆಟ್ಟಿಗೆ ತರೋದು, ಮೇಲಿಡೋದು. ಅದೇ ಅವನ ಕಸುಬು." ಸ್ವಲ್ಪ ಹೊತ್ತು ದಾರ ಪೋಣಿಸಿದರು. "ಸರಿ, ನೋಡು."

ನೋಡಿದೆ. ಓದಿದವಳಲ್ಲವೇ, ಕೋಷ್ಟಕ ಹಾಕಿದೆ. ಹನ್ನೊಂದು ಸಾಫ್ಟ್‌ವೇರುಗಳು, ಹದಿನಾಲ್ಕು ಅಂಕಣಗಳು. ಹೆಸರುಗಳು ತಲೆಯಲ್ಲಿ ನಿಲ್ಲದ್ದರಿಂದ ಅವುಗಳ ಚಿತ್ರದ ಬಣ್ಣದಿಂದ ಕರೆದೆ. ನೀಲಿ ಉಚಿತ, ಆದರೆ ಅದರಲ್ಲಿ ತಿದ್ದಿದ್ದು ಮೂಲಕ್ಕೇ ತಾಗುತ್ತದೆ ಎಂದು ಒಬ್ಬರು ಬರೆದಿದ್ದರು. ಈಗ ಹಾಗಿಲ್ಲ ಎಂದು ಇನ್ನೊಬ್ಬರು. ಕಪ್ಪು ಅರವತ್ತು ದಿನ ಉಚಿತ, ಆಮೇಲೂ ನಡೆಯುತ್ತದೆ, ಆದರೆ ತೆರೆದಾಗಲೆಲ್ಲ ಇನ್ನೂ ದುಡ್ಡು ಕೊಟ್ಟಿಲ್ಲ ಎಂದು ನೆನಪಿಸುತ್ತದೆ. ಕಿತ್ತಳೆ ಆರಂಭಿಕರಿಗೆ ಸುಲಭ ಎಂದಿತ್ತು. ಅದರ ಕೈಪಿಡಿ ಒಂಬೈನೂರು ಪುಟ. ಬೂದು ನನ್ನ ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲ ಎಂದು ನಾಲ್ಕನೆಯ ಅಂಕಣ ತುಂಬಿದ ಮೇಲೆ ತಿಳಿಯಿತು.

ಬಫರ್, ಅಂದರೆ ಕಂಪ್ಯೂಟರು ಧ್ವನಿಯನ್ನು ತಡೆದಿಟ್ಟುಕೊಳ್ಳುವ ಹೊತ್ತು, ಎಷ್ಟಿರಬೇಕು? ಕಡಿಮೆ ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಕೆಟ್ಟದ್ದು. ಎರಡನ್ನೂ ಓದಿದೆ, ಎರಡೂ ಸರಿ ಎನಿಸಿತು. ಪುಸ್ತಕವಾದರೆ ಯಾವ ಕಪಾಟಿಗೆ ಸೇರಿದ್ದು ಎಂದು ಮುಖಪುಟ ತಿರುವಿದರೆ ಗೊತ್ತಾಗುತ್ತದೆ ನನಗೆ. ಇಲ್ಲಿ ಕಪಾಟೇ ಕಾಣಲಿಲ್ಲ.

ಮೂರನೆಯ ದಿನ ವಾದ್ಯಗಳ ಅಂಗಡಿಗೆ ಹೋದೆ. ಅಂಗಡಿಯವರು ಗಿಟಾರಿಗೆ ತಂತಿ ಬಿಗಿಯುತ್ತಿದ್ದರು.

"ಎಷ್ಟು ಟ್ರ್ಯಾಕ್ ಬೇಕು ಮೇಡಂ?"

"ಟ್ರ್ಯಾಕ್ ಅಂದ್ರೆ?"

"ಅಂದ್ರೆ, ಎಷ್ಟು ಜನ ಹಾಡ್ತಾರೆ, ಎಷ್ಟು ವಾದ್ಯ?"

"ಒಬ್ಬರು. ವಾದ್ಯ ಇಲ್ಲ."

"ಸಾಹಿತ್ಯ?"

"ಅದೂ ಇಲ್ಲ."

ಅವರು ತಂತಿ ಬಿಟ್ಟು ನನ್ನ ಮುಖ ನೋಡಿದರು. "ಹಾಗಾದ್ರೆ ಅನ್‌ಲಿಮಿಟೆಡ್ ಇರೋದೇ ತಗೊಳ್ಳಿ. ಮುಂದೆ ಬೇಕಾಗುತ್ತೆ."

ಮುಂದೆ ಏನು ಬೇಕಾಗುತ್ತದೆ ಎಂದು ಕೇಳಲಿಲ್ಲ. ಕೋಷ್ಟಕಕ್ಕೆ ಹದಿನೈದನೆಯ ಅಂಕಣ ಸೇರಿಸಿದೆ.

ಸಂಜೆ ಡಬ್ಬಣ್ಣ ಬಂದ. ನನ್ನ ಗಂಡನ ಗೆಳೆಯ; ಮದುವೆ ವಾದ್ಯಮೇಳದಲ್ಲಿ ಡ್ರಮ್ ಬಾರಿಸುವವನು, ಅದಕ್ಕೇ ಆ ಹೆಸರು. ಕೋಷ್ಟಕ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ.

"ಅತ್ತಿಗೆ, ಇದೇನು ರಾಕೆಟ್ ಬಿಡ್ತಿದ್ದೀರಾ? ಕಪ್ಪು ಹಾಕ್ಕೊಳ್ಳಿ. ಎಲ್ಲರೂ ಅದೇ ಹಾಕೋದು."

"ನೀನು ಯಾವುದು ಹಾಕಿದ್ದೀಯ?"

"ನಾನು ಡ್ರಮ್ ಬಾರಿಸ್ತೀನಿ. ರೆಕಾರ್ಡು ಬೇರೆಯವರು ಮಾಡ್ತಾರೆ."

"ಮದುವೆಗೆ ಹುಡುಗನ್ನ ನೋಡುವಾಗ ಇವಳು ಎರಡೇ ನಿಮಿಷದಲ್ಲಿ ಹೂಂ ಅಂದ್ಲು ಕಣೋ," ಎಂದರು ಅತ್ತೆ ಒಳಗಿಂದ. "ಸಾಫ್ಟ್‌ವೇರಿಗೆ ಮೂರು ದಿನ ಸಾಲ್ತಿಲ್ಲ."

"ಅಮ್ಮಾ, ನೀವು ಮಾತಾಡಬಾರದು," ಎಂದ ಡಬ್ಬಣ್ಣ.

"ಮಾತಾಡ್ತಾ ಇಲ್ಲ, ಬೈತಾ ಇದ್ದೀನಿ."

ಧ್ವನಿ ಆಗಲೇ ಅಂಚಿನಲ್ಲಿ ಹರಿದ ಬಟ್ಟೆಯಂತೆ ಎಳೆ ಬಿಟ್ಟಿತ್ತು. ಡಬ್ಬಣ್ಣ ಕಪ್ಪನ್ನು ಹಾಕಿಕೊಟ್ಟು, ಅದರ ಮೂವತ್ತು ಗುಂಡಿಗಳಲ್ಲಿ ಮೂರನ್ನು ತೋರಿಸಿ, ಮೇಳಕ್ಕೆ ಹೊತ್ತಾಯಿತೆಂದು ಹೋದ.

ನಾಲ್ಕು ದಿನ ಉಳಿದಾಗ ಮೊದಲ ಸಲ ಕೂತೆವು. ನಾನು ಓದಿದ್ದನ್ನೆಲ್ಲ ಮಾಡಿದ್ದೆ. ಗದ್ದಲವಿಲ್ಲದ ಜಾಗ ಬೇಕು ಎಂದಿತ್ತು, ಹಿಂದಿನ ಕೋಣೆಯ ಬೀರು ತೆರೆದು ಕಂಬಳಿಗಳನ್ನು ನೇತುಹಾಕಿದೆ. ತಾಳ ತಪ್ಪಬಾರದು ಎಂದಿತ್ತು, ಟಕ್ ಟಕ್ ಎನ್ನುವ ಸದ್ದು ಹಚ್ಚಿದೆ. ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಕಂಬಳಿಗಳ ನಡುವೆ ಅವರು ಅಳತೆಗೆ ನಿಂತ ಗಿರಾಕಿಯ ಹಾಗೆ ನೆಟ್ಟಗೆ ಕೂತರು.

"ಹಾಡಿ ಅತ್ತೆ."

ಎರಡು ಸ್ವರ ಬಂತು. ನಿಲ್ಲಿಸಿದರು. "ನನ್ನ ಹಿಂದೆ ಯಾರೋ ಅಣಕಿಸ್ತಿದ್ದಾರೆ."

ಅವರ ಧ್ವನಿಯೇ ತಡವಾಗಿ ಹೆಡ್‌ಫೋನಿಗೆ ಬರುತ್ತಿತ್ತು. ಬಫರ್ ಕಡಿಮೆ ಮಾಡಿದೆ, ಧ್ವನಿ ಒಡೆಯಿತು. ಹೆಚ್ಚು ಮಾಡಿದೆ, ಅಣಕ ಉದ್ದವಾಯಿತು. ಹೆಡ್‌ಫೋನ್ ತೆಗೆದೆ. ಮತ್ತೆ ಎರಡು ಸ್ವರ. ಮತ್ತೆ ನಿಂತಿತು. ಮೂರನೆಯ ಸಲ ಬೇರೆಯೇ ಏನೋ ಬಂತು.

"ಬರ್ತಿಲ್ಲ ಕಣೇ." ಅವರ ಮುಖದಲ್ಲಿ ನಾನು ಎಂದೂ ನೋಡದ ದಿಗಿಲು. "ಮರೆತೇ ಹೋಯ್ತಾ?"

ನನ್ನ ಕೈ ಗುಂಡಿಯ ಮೇಲೆ ಹಾಗೇ ಇತ್ತು. ಕಂಬಳಿ ತೆಗೆದು ಮಡಿಸಿದೆ.

ಮಾರನೆಯ ಬೆಳಿಗ್ಗೆ ಲೈಬ್ರರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅತ್ತೆ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದರು. ಯಂತ್ರದ ಕಟಕಟದ ಕೆಳಗೆ, ತುಂಬ ಸಣ್ಣಗೆ, ಆ ರಾಗ. ಎಲ್ಲೂ ತಡವರಿಸದೆ, ಸಲೀಸಾಗಿ. ನಾನು ಬಾಗಿಲಿಗೆ ಬಂದದ್ದನ್ನು ನೋಡಿ ಕಾಲು ನಿಲ್ಲಿಸಿದರು. ರಾಗವೂ ನಿಂತಿತು.

"ಅತ್ತೆ, ನಿಲ್ಲಿಸಬೇಡಿ."

"ನಾನೆಲ್ಲಿ ಹಾಡ್ತಿದ್ದೆ? ಹೊಲೀತಿದ್ದೆ."

ನಲವತ್ತು ವರ್ಷ ಅವರು ಆ ರಾಗವನ್ನು ಕಾಲಿಂದ ಹಾಡಿದ್ದರು. ನಾನು ಅವರನ್ನು ಯಂತ್ರದಿಂದ ಬಿಡಿಸಿ ಕಂಬಳಿಯೊಳಗೆ ಕೂರಿಸಿದ್ದೆ. ಗದ್ದಲ ಎಂದರೆ ಯಾವುದು ಎಂದು ಕೈಪಿಡಿಯನ್ನು ಕೇಳಿದ್ದೆ, ಅವರನ್ನು ಕೇಳಿರಲಿಲ್ಲ.

ಅಂದು ರಜೆ ಹಾಕಿದೆ. ಕಂಪ್ಯೂಟರನ್ನು ಮುಂದಿನ ಕೋಣೆಗೆ ತಂದು, ಮೈಕನ್ನು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಕಪ್ಪನ್ನು ತೆರೆದೆ, ಕೆಂಪು ಗುಂಡಿ ಒತ್ತಿದೆ. ಹಸಿರು ಪಟ್ಟಿ ಏರಿ ಇಳಿಯತೊಡಗಿತು. ಪಟ್ಟಿ ಕೆಂಪಿಗೆ ಹೋಗಬಾರದು ಎಂದು ಓದಿದ್ದೆ; ಕಣ್ಣು ಮಿಟುಕಿಸದೆ ಅದನ್ನೇ ನೋಡಿದೆ. ಅತ್ತೆ ಪರದೆಯ ಒಂದು ಅಂಚು ಪೂರ್ತಿ ಹೊಲಿದರು, ರಾಗ ಪೂರ್ತಿ ಹಾಡಿದರು, ದಾರ ಕಡಿದು, "ಆಯ್ತು," ಎಂದು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ನೀರು ಕೊಟ್ಟೆ.

ಆಮೇಲೆ ತೆರೆಯಲ್ಲಿ ನೋಡಿದರೆ ಏನೂ ಇರಲಿಲ್ಲ. ಒಂದು ಉದ್ದ ಗೆರೆಯೂ ಇಲ್ಲ.

ಡಬ್ಬಣ್ಣನಿಗೆ ಫೋನು ಮಾಡಿದೆ.

"ಟ್ರ್ಯಾಕಿನ ಪಕ್ಕ ಇನ್ನೊಂದು ಸಣ್ಣ ಕೆಂಪು ಗುಂಡಿ ಇರುತ್ತೆ ಅತ್ತಿಗೆ. ಅದನ್ನ ಮೊದಲು ಒತ್ತಬೇಕು, ಆಮೇಲೆ ದೊಡ್ಡದು."

"ಪಟ್ಟಿ ಕುಣೀತಿತ್ತಲ್ಲ?"

"ಮೈಕಿಗೆ ಕೇಳಿಸ್ತಿತ್ತು. ಬರ್ಕೊಳ್ತಿರಲಿಲ್ಲ." ಆಮೇಲೆ ಕೇಳಿದ: "ನೀವು ಕೇಳಿಸ್ಕೊಂಡ್ರಲ್ಲ? ಎರಡನೇ ಅರ್ಧ ಹೇಗಿದೆ?"

ನನಗೆ ಗೊತ್ತಿರಲಿಲ್ಲ. ಒಂದು ಮಾರು ದೂರದಲ್ಲಿ ಕೂತು ಅಷ್ಟನ್ನೂ ಹಾಡಿದ್ದರು, ನಾನು ಪಟ್ಟಿ ನೋಡುತ್ತಿದ್ದೆ. ಒಂದು ಸ್ವರವೂ ನೆನಪಿಲ್ಲ. ಮೈಕಿನ ಹಾಗೇ ನಾನೂ.

ಫೋನು ಇಟ್ಟೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅತ್ತೆಯ ಎದುರಿಗೆ ಅತ್ತುಬಿಟ್ಟೆ. ಯಾವುದಕ್ಕೆ ಎಂದು ಸರಿಯಾಗಿ ಹೇಳಲಾರೆ. ಗುಂಡಿಗಾಗಿ ಎಂದೇ ಆಗ ಅನಿಸಿತು.

ಕೆಮ್ಮಿ ಕೆಮ್ಮಿ ಅತ್ತೆಯ ಧ್ವನಿ ಹೊರಡುತ್ತಿರಲಿಲ್ಲ. ಅಳತೆಯ ಪುಸ್ತಕದ ಹಾಳೆ ಹರಿದು ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು: ಎರಡು ದಿನ ಸುಮ್ಮನಿರ್ತೀನಿ. ಕೊನೇ ದಿನ ಬೆಳಿಗ್ಗೆ.

ಎರಡು ದಿನ ಮನೆಯಲ್ಲಿ ನಾನೇ ಮಾತಾಡಿದೆ. ಗಿರಾಕಿಗಳಿಗೆ ಉತ್ತರ ಕೊಟ್ಟೆ. ಅಳತೆ ಬರೆದುಕೊಂಡೆ. ತೋಳಿನ ಉದ್ದವನ್ನು ಸೊಂಟದ ಜಾಗದಲ್ಲಿ ಬರೆದಾಗ ಅತ್ತೆ ಸ್ಕೇಲಿನಿಂದ ಮೇಜು ಕುಟ್ಟಿದರು. ಸಂಜೆ ಕೋಷ್ಟಕ ತೆರೆದು ಒಂದು ಸಾಲನ್ನು ಹುಡುಕಿದೆ, ಯಾವುದಕ್ಕೆ ಅತಿ ಕಡಿಮೆ ಗುಂಡಿ ಎಂದು. ಆ ಅಂಕಣವನ್ನು ನಾನು ಹಾಕಿಯೇ ಇರಲಿಲ್ಲ. ಕೊನೆಗೆ ನೀಲಿಯನ್ನು ಹಾಕಿಕೊಂಡೆ. ಅದರಲ್ಲಿ ಒಂದೇ ಕೆಂಪು ಗುಂಡಿ, ಒತ್ತಿದರೆ ಗೆರೆ ಓಡುತ್ತದೆ. ಇಪ್ಪತ್ತು ಸಲ ಒತ್ತಿ ನೋಡಿದೆ. "ಒಂದು, ಎರಡು, ಮೂರು" ಎಂದು ನನ್ನದೇ ಧ್ವನಿ ಇಪ್ಪತ್ತು ಸಲ ಕೇಳಿಸಿತು. ಯಾರದೋ ಎನಿಸಿತು.

ಆಸ್ಪತ್ರೆಗೆ ಮಧ್ಯಾಹ್ನ ಸೇರಬೇಕಿತ್ತು. ಬೆಳಿಗ್ಗೆ ಏಳಕ್ಕೆ ಅತ್ತೆ ಯಂತ್ರಕ್ಕೆ ಕೂತರು. ಹೊಲಿಯಲು ಏನೂ ಉಳಿದಿರಲಿಲ್ಲ, ಎಲ್ಲ ಗಿರಾಕಿಗಳದ್ದೂ ಮುಗಿಸಿದ್ದರು. ಸುತ್ತ ನೋಡಿ, ನನ್ನ ಕಡೆ ಕೈ ಚಾಚಿದರು. ನನ್ನ ದುಪಟ್ಟಾ ಕೊಟ್ಟೆ. ಅದರ ಅಂಚು ಬಿಚ್ಚಿ ತಿಂಗಳುಗಳಾಗಿದ್ದವು.

ಗುಂಡಿ ಒತ್ತಿದೆ. ಗೆರೆ ಓಡತೊಡಗಿತು. ತೆರೆಯನ್ನು ಗೋಡೆಯ ಕಡೆ ತಿರುಗಿಸಿ, ಅತ್ತೆಯ ಎದುರು ನೆಲದ ಮೇಲೆ ಕೂತೆ.

ಧ್ವನಿ ಚೆನ್ನಾಗಿರಲಿಲ್ಲ. ಮೇಲಿನ ಸ್ವರಗಳಲ್ಲಿ ಬರೀ ಗಾಳಿ ಬಂತು. ಅಲ್ಲಿ ಕಾಲು ಮಾತ್ರ ನಡೆಯಿತು. ಅವನು ಸುಮ್ಮನಾಗುತ್ತಿದ್ದ ಜಾಗ ಬಂತು. ನಾನು ಅರಿವಿಲ್ಲದೆ ಕತ್ತು ಮೇಲೆತ್ತಿದೆ. ರಾಗ ನಿಲ್ಲಲಿಲ್ಲ, ಕೆಳಗಿಳಿಯಿತು, ಹೋಗಿ ಎಲ್ಲಿಂದ ಹೊರಟಿತ್ತೋ ಅದರ ಪಕ್ಕದಲ್ಲಿ ಕೂತಿತು. ಇಷ್ಟೇನಾ ಎನಿಸಿತು. ಇಷ್ಟೇ. ನಾಲ್ಕು ಸಲ ಹಾಡಿದರು, ದುಪಟ್ಟಾಕ್ಕೆ ನಾಲ್ಕು ಬದಿ ಇತ್ತು.

ಎದ್ದು ನೋಡಿದಾಗ ಗೆರೆ ಉದ್ದಕ್ಕೂ ಗುಡ್ಡಗುಡ್ಡವಾಗಿ ನಿಂತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಎರಡು ವಾರ ಮಾತಿಲ್ಲ, ಆಮೇಲೆ ನೋಡೋಣ ಎಂದರು ಡಾಕ್ಟರು. ಅತ್ತೆಗೆ ನಿದ್ದೆ ಬಂದಾಗ ನಾನು ವಾರ್ಡಿನ ಕುರ್ಚಿಯಲ್ಲಿ ಕಂಪ್ಯೂಟರು ತೊಡೆಯ ಮೇಲಿಟ್ಟು ಕೂತೆ. ನೀಲಿಯಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇದೆ ಎಂದು ಗೊತ್ತಿತ್ತು. ಒಂದು ಪ್ರತಿ ಮಾಡಿಕೊಂಡು, ಯಂತ್ರದ ಸದ್ದನ್ನು ತೆಗೆದು ನೋಡಿದೆ. ಯಂತ್ರ ಹೋಯಿತು. ಅದರ ಜೊತೆ ಪ್ರತಿ ಸ್ವರದ ತುದಿಯೂ ಹೋಯಿತು. ಬಕೆಟ್ಟಿನೊಳಗೆ ಬಾಯಿ ಇಟ್ಟು ಹಾಡಿದ ಹಾಗೆ ಕೇಳಿಸಿತು. ಪ್ರತಿಯನ್ನು ಅಳಿಸಿದೆ.

ಮೂರನೆಯ ದಿನ ಅವರು ದಿಂಬಿಗೆ ಒರಗಿ ಕೂತು ಕಿವಿ ಮುಟ್ಟಿ ತೋರಿಸಿದರು. ಹೆಡ್‌ಫೋನ್ ಹಾಕಿದೆ. ಈಗ ಅಣಕಿಸುವವರು ಯಾರೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಹೊದಿಕೆಯ ಕೆಳಗೆ ಪಾದಗಳು ಆಡತೊಡಗಿದವು, ಹಿಮ್ಮಡಿ, ತುದಿ, ಹಿಮ್ಮಡಿ, ತುದಿ. ಪಕ್ಕದ ಹಾಸಿಗೆಯ ಹೆಂಗಸು ನನ್ನನ್ನು ನೋಡಿದಳು. ನಾನು ಪಾದಗಳನ್ನು ನೋಡುತ್ತ ಮನಸ್ಸಿನಲ್ಲೇ ಹೇಳಿಕೊಂಡೆ, ಮೊದಲರ್ಧ, ಎರಡನೆಯ ಅರ್ಧ. ಬಂತು.

ಮುಗಿದ ಮೇಲೆ ಅವರು ಹೆಡ್‌ಫೋನ್ ತೆಗೆದು ಹಾಳೆ ಕೇಳಿದರು. ಬಹಳ ಹೊತ್ತು ಪೆನ್ಸಿಲು ಹಿಡಿದು ಯೋಚಿಸಿದರು. ಮಗನ ಬಗ್ಗೆ ಏನೋ ಬರೆಯುತ್ತಾರೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ.

ಹಾಳೆ ನನ್ನ ಕಡೆ ತಿರುಗಿಸಿದರು. ಕೀ ಕೀ ಅಂತಿದೆ. ಮನೆಗೆ ಹೋದವಳೇ ಯಂತ್ರಕ್ಕೆ ಎಣ್ಣೆ ಹಾಕು.